ಹಲಸೂರಿನ ಚಿಕ್ಕವೆಂಕಟಪ್ಪ ರೇಡಿಯೋದಲ್ಲಿ ಸತ್ತದ್ದು

ಅವರೆಕಾಯಿಗೆ ಸೊಗಡು ಹತ್ತುವ ಕಾಲ. ಮಾಗಿಯ ಚಳಿ ಹಲಸೂರು ಕೆರೆಯ ಕಡೆಯಿಂದ ಆಗತಾನೆ ಬೀದಿಗೆ ಬರುತ್ತಿತ್ತು. ಸಂಜೆ, ಹಾಲು ಕರೆಯುವ ಹೊತ್ತು. ಆಂಜನಮ್ಮ ತನ್ನ ಹಸು ಕೆಂಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚೆಂಬನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಎರಡು ಸೆಳೆ ಎಳೆದಿದ್ದಳೋ ಇಲ್ಲವೋ, ಕೊಟ್ಟಿಗೆಯ ಗೋಡೆಯ ಆಚೆಯಿಂದ ಒಂದು ಸದ್ದು ಬಂತು. ಬಾಗಿಲ ಸಂದಿಗೆ ನಾಯಿಯ ಬಾಲ ಸಿಕ್ಕಿದರೆ ಅರ್ಧ ಹಾಗಿರುತ್ತದೆ. ಉಳಿದರ್ಧ ನೆಗಡಿಯಾದವನು ಸೀನಲು ಹೋಗಿ ಸೀನು ಬಾರದೆ ನಿಂತಂತಿತ್ತು. ಕೆಂಚಿ ಹಿಂಗಾಲು ಝಾಡಿಸಿತು. ಚೆಂಬು ಬಚ್ಚಲಿಗೆ ಹೋಯಿತು. ಹಾಲು ಆಂಜನಮ್ಮನ ಸೀರೆಗೆ ಹೋಯಿತು.

ಅವಳು ಹೊರಗೆ ಬಂದು ನೋಡಿದರೆ ಅವಳ ಗಂಡ ಚಿಕ್ಕವೆಂಕಟಪ್ಪ ಗೋಡೆಗೆ ಒರಗಿ, ಎದೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮೇಲೆ ಮಾಡಿ ಸಾಯುತ್ತಿದ್ದ.

ಅವನು ಹಾಗೆ ಸಾಯುವುದಕ್ಕೆ ಕಾರಣವಿತ್ತು. ಚಿಕ್ಕವೆಂಕಟಪ್ಪ ಹಳೇ ಮದ್ರಾಸ್ ರಸ್ತೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಹಲಗೆ ಹೊಡೆಯುವವನು. ಕೈಗೆ ಸುತ್ತಿಗೆ ಬಂದರೂ ಅವನ ಮನಸ್ಸೆಲ್ಲ ಟ್ರಾನ್ಸಿಸ್ಟರಿನಲ್ಲಿ. ಆಗಿನ ಕಾಲಕ್ಕೆ ರೇಡಿಯೋದಲ್ಲಿ ಭೂತದ ನಾಟಕ, ಕೊಲೆಯ ನಾಟಕ ಬರುತ್ತಿದ್ದವು. ಅವನು ಕಂಬಳಿ ಮುಸುಕು ಹಾಕಿ, ಪೆಟ್ಟಿಗೆಯನ್ನು ಕಿವಿಗೆ ಅಂಟಿಸಿಕೊಂಡು ಕೇಳುತ್ತಿದ್ದ. ಗಾಳಿ ಊಳಿಟ್ಟರೆ ನಡುಗುತ್ತಿದ್ದ, ಗೂಬೆ ಕೂಗಿದರೆ ಕಂಬಳಿಯನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದ, ಬಾಗಿಲು ಕಿರ್ರೆಂದರಂತೂ ಸಂತೋಷದಿಂದ ಅವನ ಉಸಿರೇ ನಿಲ್ಲುತ್ತಿತ್ತು. ತನ್ನ ಮನೆಯ ಬಾಗಿಲಿಗೆ ಎಣ್ಣೆ ಬಿಡಲು ಯಾರನ್ನೂ ಬಿಡುತ್ತಿರಲಿಲ್ಲ. ಇಷ್ಟು ಚೆನ್ನಾಗಿ ಕಿರುಗುಟ್ಟುವ ಬಾಗಿಲು ರೇಡಿಯೋದವರ ಹತ್ತಿರವೂ ಇಲ್ಲ ಎಂದು ಅವನ ಅಭಿಪ್ರಾಯ.

ಹೀಗಿರುವಾಗ ಒಂದು ದಿನ ಕಾರ್ಖಾನೆಯಲ್ಲಿ ತುಂಬಿದ ಪೆಟ್ಟಿಗೆಯೊಂದು ಜಾರಿ ಅವನ ಎಡಗಾಲ ಹೆಬ್ಬೆರಳ ಮೇಲೆ ಬಿತ್ತು. ಆಗ ಅವನು ಕೂಗಿದ ಕೂಗು ಅಕ್ಕಪಕ್ಕದ ಷೆಡ್ಡುಗಳನ್ನು ದಾಟಿ ಲೆಕ್ಕದ ಆಫೀಸಿನವರೆಗೆ ಹೋಯಿತು. ಅಲ್ಲಿ ಗುರುರಾಜ್ ಎಂಬ ಗುಮಾಸ್ತರಿದ್ದರು. ರೇಡಿಯೋಗೆ ಭಯದ ನಾಟಕ ಬರೆಯುವವರು ಅವರೇ. ಉಳಿದವರೆಲ್ಲ ಗಾಯಗೊಂಡವನನ್ನು ನೋಡಲು ಓಡಿದರೆ ಗುರುರಾಜ್ ಕೂತಲ್ಲೇ ಕಣ್ಣು ಮುಚ್ಚಿ ಆ ಕೂಗನ್ನು ಆಸ್ವಾದಿಸಿದರಂತೆ. ಬ್ಯಾಂಡೇಜು ಕಟ್ಟಿಸಿಕೊಂಡು ಬಂದವನ ಹತ್ತಿರ ಕೇಳಿದರು:

"ನೋಡ್ರೀ ಚಿಕ್ಕವೆಂಕಟಪ್ಪ, ಇದೇ ಕೂಗನ್ನ ಇನ್ನೊಂದ್ಸಲ ಕೂಗ್ತೀರಾ? ರೇಡಿಯೋದಲ್ಲಿ?"

ಅವನಿಗೆ ಹೆಬ್ಬೆರಳು ಇದ್ದದ್ದೇ ಮರೆತುಹೋಯಿತು.

ನಾಟಕದ ಹೆಸರು 'ಹಾಳು ಬಂಗಲೆಯ ಹೆಜ್ಜೆ'. ಚಿಕ್ಕವೆಂಕಟಪ್ಪನ ಪಾತ್ರ ಬಂಗಲೆಯ ಕಾವಲುಗಾರ. "ಯಾರದು? ಯಾರದು?" ಎಂದು ಕೇಳಬೇಕು, ಕೂಗಬೇಕು, ಸಾಯಬೇಕು. ಮುಂದಿನ ಭಾಗವೆಲ್ಲ ಅವನಿಲ್ಲದೆಯೇ ನಡೆಯುತ್ತದೆ. ಇಷ್ಟು ಸಣ್ಣ ಪಾತ್ರಕ್ಕೆ ಹೆಸರೇ ಇರಲಿಲ್ಲ. ಅಲ್ಲಿಗೆ ಸುಮ್ಮನಿದ್ದಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಆದರೆ ತನ್ನ ಹೆಸರು ಆಕಾಶದಲ್ಲಿ ಹೋಗಬೇಕೆಂಬ ಆಸೆ ಅವನಿಗೆ. ಗುರುರಾಜರ ಮೇಜಿನ ಸುತ್ತ ಸುಳಿದಾಡಿ, ಅವರಿಗೆ ಊಟದ ಡಬ್ಬಿಯಲ್ಲಿ ಹಿತಕಿದ ಅವರೆಬೇಳೆ ಸಾರು ತಂದುಕೊಟ್ಟು, ಕಾವಲುಗಾರನಿಗೆ ತನ್ನದೇ ಹೆಸರಿಡುವಂತೆ ಒಪ್ಪಿಸಿದ. ಮರುದಿನ ಮತ್ತೆ ಸಾರು ತಂದು, ಬರೀ ಚಿಕ್ಕವೆಂಕಟಪ್ಪ ಎಂದರೆ ಯಾವ ಊರಿನವನೋ ಎಂದು ಜನ ಗೊಂದಲಪಡುತ್ತಾರೆ, ಹಿಂದೆ ಹಲಸೂರು ಎಂದು ಸೇರಿಸಿ ಎಂದ. ಸಾರು ಚೆನ್ನಾಗಿತ್ತು. ಗುರುರಾಜ್ ಸೇರಿಸಿದರು.

ಉಳಿದದ್ದು ಕೂಗು. ಪೆಟ್ಟಿಗೆ ಬಿದ್ದಾಗ ತಾನಾಗಿ ಬಂದ ಕೂಗು ಬೇಕೆಂದಾಗ ಬರುತ್ತಿರಲಿಲ್ಲ. ಬೀದಿಯಲ್ಲಿ ಕೂಗಿದರೆ ಜನ ಸೇರುತ್ತಾರೆಂದು ಅವನು ಕೊಟ್ಟಿಗೆಯ ಹಿಂದೆ ಕೂಗಿ ಅಭ್ಯಾಸ ಮಾಡತೊಡಗಿದ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಸಾಯುತ್ತಿದ್ದ, ಸಂಜೆ ಬಂದು ಕಾಲು ತೊಳೆದು ಸಾಯುತ್ತಿದ್ದ. ಕೆಂಚಿ ಮೊದಲ ದಿನ ಒದ್ದಿತು, ಆಮೇಲೆ ಹಾಲು ಕಡಿಮೆ ಮಾಡಿತು, ವಾರ ತುಂಬುವಷ್ಟರಲ್ಲಿ ಕೆಚ್ಚಲನ್ನು ಮುಟ್ಟಗೊಡಲಿಲ್ಲ.

ಕೆಂಚಿಯ ಹಾಲಿನ ಮೇಲೆ ಆ ಬೀದಿಯ ಕಾಫಿಯೆಲ್ಲ ನಿಂತಿತ್ತು. ಎದುರು ಮನೆಯ ರಮಾಮಣಿ, ಇನ್ಶೂರೆನ್ಸ್ ಆಫೀಸಿನ ಗುಮಾಸ್ತರ ಹೆಂಡತಿ, ಬೆಳಗಾದರೆ ಖಾಲಿ ಪಾತ್ರೆ ಹಿಡಿದು ಬಂದು ನಿಲ್ಲುತ್ತಿದ್ದರು. ತಮ್ಮ ಯಜಮಾನರು ಕಾಫಿ ಇಲ್ಲದೆ ಆಫೀಸಿಗೆ ಹೋಗಿ ಅಲ್ಲಿ ಎಲ್ಲರ ಮೇಲೂ ರೇಗುತ್ತಿದ್ದಾರೆಂದೂ, ಹೀಗೇ ಆದರೆ ಅವರನ್ನು ಗುಲ್ಬರ್ಗಕ್ಕೆ ವರ್ಗ ಮಾಡಿದರೂ ಆಶ್ಚರ್ಯವಿಲ್ಲವೆಂದೂ ಅವರು ಹೇಳಿದರು. ಆಂಜನಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಒಳಗೆ ಬಂದು ಗಂಡನಿಗೆ ಹೇಳಿದಳು:

"ಈ ಕಿರಿಚಾಟ ನಿಲ್ಲಿಸ್ತೀಯೋ ಇಲ್ವೋ?"

"ಇನ್ನು ಸ್ವಲ್ಪ ದಿನ ಕಣಮ್ಮಿ. ಇಡೀ ದೇಶ ಕೇಳುತ್ತೆ."

"ದೇಶ ಹಾಲು ಕೊಡಲ್ಲ," ಎಂದು ಅವಳು ಕೆಂಚಿಯ ಹಗ್ಗ ಬಿಚ್ಚಿದಳು. ಹಸುವನ್ನು ಹೊಡೆದುಕೊಂಡು ಕೆ.ಆರ್. ಪುರದ ತವರಿಗೆ ನಡೆದೇಬಿಟ್ಟಳು. ಅಲ್ಲಿ ಗಂಡನ ಹುಚ್ಚನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಹಸುವಿಗೆ ದೃಷ್ಟಿಯಾಗಿದೆ, ಹುಲ್ಲು ಬದಲಾಗಬೇಕು ಎಂದಳು. ನಾಟಕದ ಸುದ್ದಿಯನ್ನು ತವರಿನವರಿಗೆ ಯಾರೂ ಹೇಳಲಿಲ್ಲ.

ಹೆಂಡತಿ ಇಲ್ಲದ ಮನೆಯಲ್ಲಿ ಚಿಕ್ಕವೆಂಕಟಪ್ಪನಿಗೆ ಕೂಗಲು ಯಾವ ಅಡ್ಡಿಯೂ ಇರಲಿಲ್ಲ. ವಿಚಿತ್ರವೆಂದರೆ ಕೂಗಬೇಕೆಂದು ಅನ್ನಿಸಲೂ ಇಲ್ಲ. ಖಾಲಿ ಕೊಟ್ಟಿಗೆಯಲ್ಲಿ ನಿಂತು ಬಾಯಿ ತೆರೆದು ಹಾಗೇ ಮುಚ್ಚುತ್ತಿದ್ದ. ಅವನ ತಾಯಿ ಪಟಾಲಮ್ಮ ಮಾಡಿದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೋಗಿ ಕರೆದುಕೊಂಡು ಬಾ ಎಂದು ಮುದುಕಿ ಹೇಳಿದಳು. ನಾಟಕ ಮುಗಿಯಲಿ, ಹೆಸರು ಬಂದ ಮೇಲೆ ಹೋದರೆ ಒಂದು ಗೌರವ ಇರುತ್ತೆ ಎಂದು ಅವನು ತಳ್ಳಿದ.

ರೇಡಿಯೋ ನಿಲಯಕ್ಕೆ ಹೋಗಿ ಧ್ವನಿ ಕೊಟ್ಟು ಬಂದ. ಕೂಗಿದ್ದು ಹೇಗಿತ್ತೆಂದು ಅವನಿಗೆ ತಿಳಿಯಲಿಲ್ಲ. ಗುರುರಾಜ್ ಮಾತ್ರ ಅವನ ಬೆನ್ನು ತಟ್ಟಿ, ಬಹಳ ಚೆನ್ನಾಗಿತ್ತು, ಇನ್ನು ನೀವು ಮನೆಗೆ ಹೋಗಬಹುದು ಎಂದು ಬೇಗ ಬೇಗ ಕಳಿಸಿಬಿಟ್ಟರು. ಹಿಂದಿರುಗುವಾಗ ಶಿವಾಜಿನಗರದಲ್ಲಿ ಬಸ್ಸಿಳಿದು, ಅಮ್ಮನಿಗೆ ವೀಳ್ಯದೆಲೆ ಕೊಳ್ಳಲು ರಸಲ್ ಮಾರ್ಕೆಟ್ಟಿನ ಹತ್ತಿರ ಹೋದ. ಅಲ್ಲಿ ಮಾಂಸದಂಗಡಿಗಳ ಮೇಲೆ ಯಾವಾಗಲೂ ಕಾಗೆಗಳ ಸಂತೆ. ತನ್ನ ಕೂಗನ್ನು ಮನಸ್ಸಿನಲ್ಲೇ ಮೆಲುಕು ಹಾಕುತ್ತ ಬಾಯಿ ತೆರೆದು ನಿಂತಿದ್ದವನ ನೆತ್ತಿಗೆ ಒಂದು ಕಾಗೆ ಬಂದು ರಪ್ಪೆಂದು ಬಡಿದು ಹೋಯಿತು.

ಮಾರ್ಕೆಟ್ಟಿನಲ್ಲಿ ನಕ್ಕರು. ಪಟಾಲಮ್ಮ ನಗಲಿಲ್ಲ. ಕಾಗೆ ತಲೆಗೆ ಬಡಿದರೆ ಸಾವಿನ ಗಂಡಾಂತರ ಎಂಬುದು ಆ ಕಡೆಯ ಹಳೇ ನಂಬಿಕೆ. ಅದಕ್ಕೆ ಪರಿಹಾರವೂ ಹಳೆಯದೇ. ಅವನು ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಅತ್ತ ಮೇಲೆ ಸುಳ್ಳೆಂದು ತಿಳಿಸಬೇಕು. ಆ ಕಣ್ಣೀರಿನಲ್ಲಿ ಗಂಡಾಂತರ ತೊಳೆದುಹೋಗುತ್ತದೆ.

"ನನ್ನ ಕಣ್ಣೀರು ಲೆಕ್ಕಕ್ಕಿಲ್ಲ ಕಣ್ಲಾ, ನಂಗೆ ಸುಳ್ಳು ಅಂತ ಗೊತ್ತು," ಎಂದಳು ಪಟಾಲಮ್ಮ. "ಕೈ ಹಿಡಿದೋಳು ಅಳ್ಬೇಕು."

ಚಿಕ್ಕವೆಂಕಟಪ್ಪನಿಗೆ ನೆತ್ತಿ ನೋಯುತ್ತಿದ್ದದ್ದು ನಿಂತು ಎದೆ ನೋಯತೊಡಗಿತು. ಕೆಂಚಿಯ ಹಗ್ಗ ಹಿಡಿದು ತಿರುಗಿ ನೋಡದೆ ಹೋದ ಆಂಜನಮ್ಮ ಅವನ ಕಣ್ಣ ಮುಂದೆ ಬಂದಳು. ಅಳುತ್ತಾಳೆಯೇ? ಅಳದಿದ್ದರೆ ಗಂಡಾಂತರ ಹೋಗುವುದಿಲ್ಲ, ಅದಿರಲಿ. ಅಳಲಿಲ್ಲವೆಂಬ ಸುದ್ದಿ ಕೇಳಿಕೊಂಡು ಬದುಕುವುದು ಹೇಗೆ?

ಸುದ್ದಿ ಒಯ್ಯಲು ಜಟಕಾ ಹೊಡೆಯುವ ಶೌಕತ್ತನನ್ನು ಗೊತ್ತುಮಾಡಿದರು. ಅವನು ಆ ಬೀದಿಯವರಿಗೆಲ್ಲ ಬೇಕಾದವನು, ಆದರೆ ಸುಳ್ಳು ಹೇಳುವಾಗ ನಗು ತಡೆಯಲಾರದವನು. ಭಾನುವಾರ ಬೆಳಿಗ್ಗೆ ಕೆ.ಆರ್. ಪುರಕ್ಕೆ ಹೋಗಿ, ಆಂಜನಮ್ಮನ ತಂದೆ ದೊಡ್ಡಮುನಿಯಪ್ಪನವರ ಜಗಲಿಯ ಮುಂದೆ ನಿಂತು, ಟೋಪಿ ತೆಗೆದು ಹೀಗೆ ಹೀಗೆ ಎಂದ. ದೊಡ್ಡಮುನಿಯಪ್ಪನವರು ಅವನ ಮುಖ ನೋಡಿದರು.

"ಕಾಗೆನೇನೋ ಸಾಬಿ?"

"ಹೌದು ಗೌಡ್ರೇ," ಎಂದುಬಿಟ್ಟ ಶೌಕತ್.

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಶೌಕತ್ತನಿಗೆ ಅವರೆಕಾಳು ಉಪ್ಪಿಟ್ಟು ಕೊಟ್ಟರು, ಕುದುರೆಗೆ ಹುಲ್ಲು ಹಾಕಿದರು. ಹೆಣಕ್ಕೆ ಹೇಳು, ಈ ಸಲ ನಮ್ಮ ಹೊಲದ ಅವರೆ ಬಹಳ ಸೊಗಸು, ಬಂದು ಉಂಡುಕೊಂಡು ಹೋಗಲಿ ಎಂದು ದೊಡ್ಡಮುನಿಯಪ್ಪನವರು ಹೇಳಿ ಕಳಿಸಿದರು. ಆಂಜನಮ್ಮನೂ ಬಾಗಿಲ ಮರೆಯಲ್ಲಿ ನಕ್ಕಳಂತೆ. ಶೌಕತ್ ಇದನ್ನೆಲ್ಲ ಬಂದು ಒಂದೂ ಬಿಡದೆ ವರದಿ ಮಾಡಿದ.

ಪಟಾಲಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಚಿಕ್ಕವೆಂಕಟಪ್ಪ ಒಂದು ತುತ್ತೂ ಉಣ್ಣಲಿಲ್ಲ. ನಾಟಕ ಬರುವ ಹೊತ್ತಾಯಿತು.

ಭಯದ ನಾಟಕವನ್ನು ಅವತ್ತು ಭಾನುವಾರ ಮಧ್ಯಾಹ್ನ ಇಟ್ಟಿದ್ದರು. ಊಟ ಮುಗಿದು ಜನ ಆಕಳಿಸುವ ವೇಳೆ. ಆದರೂ ಬೀದಿಯವರೆಲ್ಲ ಬಂದು ಪಡಸಾಲೆಯಲ್ಲಿ ಸೇರಿದರು. ಗಾಳಿ ಬೀಸಿತು, ಬಾಗಿಲು ಕಿರ್ರೆಂದಿತು, "ಯಾರದು?" ಎಂದಿತು ರೇಡಿಯೋ, ಆಮೇಲೆ ಒಂದು ಭಯಂಕರ ಕೂಗು. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ಕೂಗು ಇಷ್ಟು ಚೂಪಾಗಿದೆಯೆಂದು ಚಿಕ್ಕವೆಂಕಟಪ್ಪನಿಗೇ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಕೆ.ಆರ್. ಪುರದಲ್ಲಿ ಇನ್ನೊಂದು ರೇಡಿಯೋ ಇತ್ತು. ಪಂಚಾಯಿತಿ ಕಟ್ಟೆಯ ರೇಡಿಯೋ, ಅರಳಿಮರಕ್ಕೆ ಕಟ್ಟಿದ ಲೌಡ್‌ಸ್ಪೀಕರು ಅದರ ಗಂಟಲು. ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಮರದ ಕೆಳಗೆ ದೊಡ್ಡಮುನಿಯಪ್ಪನವರು ಊರಿನ ಹಿರಿಯರಿಗೆ ಅಳಿಯನ ಕಾಗೆಯ ಕಥೆ ಹೇಳಿ ನಗಿಸುತ್ತಿದ್ದರು. ಆಗ ಕರೆಂಟು ಬಂತು. ಮರದ ಮೇಲಿಂದ ಕರುಳು ಹಿಂಡುವ ಒಂದು ಕೂಗು ಇಳಿಯಿತು. ಅದರ ಹಿಂದೆಯೇ ಗಡಸು ಧ್ವನಿಯೊಂದು, ವಾರ್ತೆ ಓದುವ ಹಾಗೆ ಬಿಡಿಬಿಡಿಯಾಗಿ ಹೇಳಿತು:

"ಹಲಸೂರಿನ ಚಿಕ್ಕವೆಂಕಟಪ್ಪನ ಕೊಲೆಯಾಗಿದೆ. ಪೊಲೀಸರಿಗೆ ಸುದ್ದಿ ಕೊಡಿ."

ಮತ್ತೆ ಕರೆಂಟು ಹೋಯಿತು.

ಅರಳಿಮರದ ಎಲೆ ಅಲ್ಲಾಡುವುದು ಕೇಳಿಸುತ್ತಿತ್ತು. ಜಟಕಾದವನು ಸುಳ್ಳು ಹೇಳಬಹುದು. ಸರ್ಕಾರದ ರೇಡಿಯೋ ಸುಳ್ಳು ಹೇಳುತ್ತದೆಯೇ? ಒಬ್ಬ ಹಿರಿಯರು, ಪಾಪ ಆ ಸಾಬಿ ದುಃಖ ತಡೆಯಲಾರದೆ ನಗುವ ಹಾಗೆ ಕಂಡನೇನೋ ಎಂದರು. ದೊಡ್ಡಮುನಿಯಪ್ಪನವರಿಗೆ ತಾವು ಹೆಣವನ್ನು ಅವರೆಕಾಳು ಊಟಕ್ಕೆ ಕರೆದದ್ದು ನೆನಪಾಯಿತು. ಟವೆಲನ್ನು ಮುಖಕ್ಕೆ ಒತ್ತಿಕೊಂಡು ಎದ್ದವರು ಮನೆ ಮುಟ್ಟುವಷ್ಟರಲ್ಲಿ ಅರ್ಧ ಊರು ಅವರ ಹಿಂದೆ ಅಳುತ್ತ ಬರುತ್ತಿತ್ತು.

ಮರದ ಕೂಗನ್ನು ಮನೆಯಿಂದಲೇ ಕೇಳಿದ್ದ ಆಂಜನಮ್ಮ ಅಳಲಿಲ್ಲ. ಇದು ನಾಟಕ, ಮೂರು ವಾರದಿಂದ ಅಭ್ಯಾಸ ಮಾಡುತ್ತಿದ್ದಾನೆ, ಅದಕ್ಕೇ ನಾನು ಬಂದದ್ದು ಎಂದು ಬಿಡಿಸಿ ಬಿಡಿಸಿ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊನ್ನೆ ಹಸುವಿಗೆ ದೃಷ್ಟಿ ಎಂದವಳು ಇವತ್ತು ಗಂಡ ದಿನವೂ ಸಾಯುತ್ತಿದ್ದ ಎನ್ನುತ್ತಿದ್ದಾಳೆ. ದುಃಖ ತಲೆಗೇರಿದೆ, ಅಳಿಸದಿದ್ದರೆ ಕಷ್ಟ ಎಂದು ಅವಳ ಸೋದರತ್ತೆ ತೀರ್ಪು ಕೊಟ್ಟಳು.

ಇಟ್ಟಿಗೆ ಲಾರಿಯೊಂದನ್ನು ಗೊತ್ತುಮಾಡಿದರು. ಬಿದಿರು, ಹಗ್ಗ, ಚೆಂಡುಹೂವಿನ ಹಾರ, ತಮಟೆಯವರು ಎಲ್ಲ ಏರಿದರು. ಆಂಜನಮ್ಮ, ಕೆಂಚಿ ಹತ್ತದಿದ್ದರೆ ತಾನೂ ಹತ್ತುವುದಿಲ್ಲ ಎಂದು ನಿಂತಳು. ಹೇಗೂ ಹೋಗುವುದಾದರೆ ಹಸುವನ್ನು ಮತ್ತೆ ನಡೆಸಿಕೊಂಡು ಹೋಗುವುದೇಕೆ ಎಂಬುದು ಅವಳ ಲೆಕ್ಕ. ಪಾಪ, ಹೆಣ್ಣು ಹೇಳಿದಂತೆ ಕೇಳಿ ಎಂದು ಹಸುವನ್ನೂ ಹತ್ತಿಸಿದರು. ಹಾದಿಯಲ್ಲಿ ದೊಡ್ಡಮುನಿಯಪ್ಪನವರು ಪೊಲೀಸ್ ಠಾಣೆಯ ಮುಂದೆ ಲಾರಿ ನಿಲ್ಲಿಸಿ, ಇಡೀ ದೇಶಕ್ಕೆ ಗೊತ್ತಾದ ಕೊಲೆ ನಿಮಗೆ ಗೊತ್ತಿಲ್ಲವೇ ಎಂದು ಕೂಗಾಡಿದರು. ಅಲ್ಲಿದ್ದ ದಫೇದಾರ ಪೇಟ ಸರಿಮಾಡಿಕೊಂಡು, ಏನೂ ಅರ್ಥವಾಗದೆ, ಲಾರಿಯಲ್ಲಿ ಹಸುವಿನ ಪಕ್ಕ ಹತ್ತಿ ನಿಂತ.

ಹಲಸೂರಿನ ಬೀದಿಯ ತುದಿಯಲ್ಲಿ ತಮಟೆ ಕೇಳಿದಾಗ, ಅಂತೂ ಸಾವನ್ನು ನಂಬಿದರು ಎಂದು ಪಟಾಲಮ್ಮನ ಮುಖ ಅರಳಿತು. ಮಗನನ್ನು ರಟ್ಟೆ ಹಿಡಿದು ಎಬ್ಬಿಸಿದಳು. ಅವಳು ಅಳುವ ಮೊದಲು ನೀನು ಅವಳ ಕಣ್ಣಿಗೆ ಬೀಳಬಾರದು ಎಂದು ಅವನನ್ನು ಖಾಲಿ ಕೊಟ್ಟಿಗೆಗೆ ದೂಡಿ, ಗೋದಲಿಯ ಪಕ್ಕ ಮಲಗಿಸಿ, ಮೇಲೆ ಹುಲ್ಲು ಹಾಕಿದಳು. ಬೀದಿಯವರಿಗೆ, ಸೊಸೆ ಅಳುವ ತನಕ ಯಾರಾದರೂ ಬಾಯಿಬಿಟ್ಟರೆ ಜನ್ಮದಲ್ಲಿ ಹಾಲು ಹಾಕುವುದಿಲ್ಲ ಎಂದು ಕಟ್ಟಪ್ಪಣೆ ಮಾಡಿದಳು.

ಆಮೇಲೆ ಹಲಸೂರಿನವರು ನಟಿಸಿದ್ದನ್ನು ರೇಡಿಯೋದವರು ನೋಡಬೇಕಾಗಿತ್ತು. ರಮಾಮಣಿಯವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಎಂಥ ಮನುಷ್ಯ, ಹಾಲಿಗೆ ಒಂದು ದಿನವೂ ನೀರು ಬೆರೆಸಿದವರಲ್ಲ ಎಂದು ಬಿಕ್ಕಿದರು. ನೀರು ಬೆರೆಸುತ್ತಿದ್ದಳೋ ಇಲ್ಲವೋ ಅದು ಆಂಜನಮ್ಮನ ಕೆಲಸ. ಅವನಿಗೂ ಹಾಲಿಗೂ ಸಂಬಂಧವಿರಲಿಲ್ಲ. ಶೌಕತ್ ಜಟಕಾಕ್ಕೆ ಮುಖ ತಿರುಗಿಸಿ ನಿಂತ, ಅವನ ಭುಜ ಮಾತ್ರ ಕುಲುಕುತ್ತಿತ್ತು. ಈ ಸಲ ಎಲ್ಲರೂ ಅದನ್ನು ಅಳುವೆಂದೇ ತಿಳಿದರು.

ದಫೇದಾರ ಹೆಣ ಎಲ್ಲಿ ಎಂದು ಕೇಳಿದ. ಅಳುವವರು ಇನ್ನಷ್ಟು ಜೋರಾಗಿ ಅತ್ತರು. ಹೆಣ ಇಲ್ಲದಿದ್ದರೆ ಕೊಲೆ ಮಾಡಿದವನನ್ನಾದರೂ ತೋರಿಸಿ, ಎರಡೂ ಇಲ್ಲದೆ ಠಾಣೆಗೆ ಹೋಗಿ ನಾನು ಏನು ಹೇಳಲಿ ಎಂದು ಅವನು ಪಡಸಾಲೆಯ ಕಂಬಕ್ಕೆ ಒರಗಿದ.

ಹೆಂಗಸರು ಆಂಜನಮ್ಮನನ್ನು ನಡುವೆ ಕೂರಿಸಿ ಸುತ್ತ ಕುಳಿತು ಹಾಡಿ ಹಾಡಿ ಅತ್ತರು. ದೊಡ್ಡಮುನಿಯಪ್ಪನವರು ಎದೆ ಬಡಿದುಕೊಂಡರು. ಹುಲ್ಲಿನೊಳಗಿದ್ದ ಚಿಕ್ಕವೆಂಕಟಪ್ಪನಿಗೆ ಮಾವ ತನ್ನನ್ನು ಇಷ್ಟು ಹೊಗಳಿದ್ದು ಹೊಸದು. ಆದರೆ ಅವನ ಕಿವಿ ಒಂದೇ ಗಂಟಲನ್ನು ಹುಡುಕುತ್ತಿತ್ತು. ಆ ಗಂಟಲು ಮಾತ್ರ ಬರಲಿಲ್ಲ. ಸೋದರತ್ತೆ ಕೊನೆಗೆ ಆಂಜನಮ್ಮನ ತೋಳು ಚಿವುಟಿ, ಅತ್ತುಬಿಡೇ ತಾಯಿ ಎಂದು ಬೇಡಿದಳು.

"ಅಯ್ಯೋ ಬಿಡತ್ತೆ," ಎಂದಳು ಆಂಜನಮ್ಮ. "ನಾನ್ಯಾಕೆ ಅಳ್ಲಿ? ಮರದಲ್ಲಿ ಕಿರಿಚಿದ್ದು ಅವನಲ್ವೇ ಅಲ್ಲ. ಅವನ ಕಿರಿಚಾಟ ನಂಗೊತ್ತಿಲ್ವಾ? ಅದು ಯಾವಳೋ ಹೆಂಗಸಿನ ಗಂಟ್ಲು."

ಇದೇ ಗಳಿಗೆಗೆ ಗುರುರಾಜ್ ಒಂದು ಮೈಸೂರು ಪಾಕಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತರು. ಚಿಕ್ಕವೆಂಕಟಪ್ಪನಿಗೆ ಒಂದು ವಿಷಯವನ್ನು ಮೆತ್ತಗೆ ತಿಳಿಸೋಣ ಎಂದು ಬಂದಿದ್ದರು. ಬಿದಿರು, ತಮಟೆ, ಅಳುವ ಜನ, ಪೊಲೀಸು ಎಲ್ಲ ನೋಡಿ ಅವರ ಕಣ್ಣು ತುಂಬಿತು. ನನ್ನ ನಾಟಕಕ್ಕೆ ಇಷ್ಟು ಜನ ಅತ್ತದ್ದು ಇದೇ ಮೊದಲು ಎಂದು ಕನ್ನಡಕ ಒರೆಸಿಕೊಂಡರು. ಆಂಜನಮ್ಮ ಅವರನ್ನೇ ಕೇಳಿದಳು, ಆ ಕೂಗು ಯಾರದು ಸ್ವಾಮಿ ಎಂದು.

ಗುರುರಾಜ್ ಸುಳ್ಳು ಬರೆಯಬಲ್ಲವರು, ಹೇಳಬಲ್ಲವರಲ್ಲ.

"ನಿಮ್ಮನೆಯವರದ್ದು ಸರಿಯಾಗಿ ಬರಲಿಲ್ಲಮ್ಮ. ಕಡೆಗೆ ನಮ್ಮ ಕಲಾವಿದೆ ವೇದಾ ಅವರ ಕೈಲಿ ಕೂಗಿಸ್ಬಿಟ್ವಿ."

ದೊಡ್ಡಮುನಿಯಪ್ಪನವರು ಎದೆಯ ಮೇಲಿನ ಕೈಯನ್ನು ಅಲ್ಲೇ ನಿಲ್ಲಿಸಿದರು. ಹುಲ್ಲಿನಡಿಯಲ್ಲಿ ಚಿಕ್ಕವೆಂಕಟಪ್ಪ ಸತ್ತದ್ದಕ್ಕಿಂತ ಹೆಚ್ಚು ನೊಂದ. ಒಂದು ಹೆಂಗಸು ತನಗಿಂತ ಚೆನ್ನಾಗಿ ಸತ್ತಳೆಂಬುದು ಒಂದು ಕಡೆ. ಕಟ್ಟಿಕೊಂಡವಳು ಅತ್ತೂ ಇಲ್ಲ, ಈಗ ಅಳುವುದೂ ಇಲ್ಲ ಎಂಬುದು ಇನ್ನೊಂದು ಕಡೆ. ಬಾಗಿಲಲ್ಲಿ ನಿಂತಿದ್ದ ಪಟಾಲಮ್ಮನ ಮುಖ ಬಿಳುಪಾಯಿತು. ನಾಟಕ ಬಯಲಾಯಿತು, ಕಾಗೆ ಹಾಗೇ ಉಳಿಯಿತು.

ಇವರೆಲ್ಲ ಹೀಗೆ ಒಬ್ಬರನ್ನೊಬ್ಬರು ನೋಡುತ್ತ ನಿಂತಿರುವಾಗ ಲಾರಿಯಿಂದ ಇಳಿಸಿದ್ದ ಕೆಂಚಿಯನ್ನು ಯಾರೂ ಗಮನಿಸಲಿಲ್ಲ. ಹೊತ್ತು ಮುಳುಗುತ್ತಿತ್ತು, ಹಾಲು ಕರೆಯುವ ವೇಳೆ. ಅದು ತನ್ನಷ್ಟಕ್ಕೆ ತಾನು ಬಾಗಿಲನ್ನು ಕಿರ್ರೆನ್ನಿಸಿ ಕೊಟ್ಟಿಗೆಗೆ ನಡೆಯಿತು. ತನ್ನ ಜಾಗದಲ್ಲಿ, ತನ್ನ ಹುಲ್ಲಿನ ಮುಂದೆ, ದಿನವೂ ನಿಲ್ಲುವ ಹಾಗೆ ನಿಂತಿತು. ಅದರ ಮುಂಗಾಲು ಸರಿಯಾಗಿ ಚಿಕ್ಕವೆಂಕಟಪ್ಪನ ಎಡಗಾಲ ಹೆಬ್ಬೆರಳ ಮೇಲಿತ್ತು.

ಆಗ ಬಂತು ಆ ಕೂಗು. ಕಾರ್ಖಾನೆಯಲ್ಲಿ ಒಮ್ಮೆ ಬಂದು, ಕೊಟ್ಟಿಗೆಯ ಹಿಂದೆ ಎಷ್ಟು ಕರೆದರೂ ಬಾರದೆ, ರೇಡಿಯೋ ನಿಲಯದಲ್ಲಿ ಕೈಕೊಟ್ಟ ಅದೇ ಕೂಗು. ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಸತ್ತವನು ಕೂಗಿದ ಎಂದು ಕೆ.ಆರ್. ಪುರದವರು ಬಿದಿರು ಬಿಸಾಡಿ ಬೀದಿಗೆ ಬಿದ್ದರು. ಅವನು ಸತ್ತಿಲ್ಲವೆಂದು ಚೆನ್ನಾಗಿ ಗೊತ್ತಿದ್ದ ಹಲಸೂರಿನವರೂ ಅವರ ಹಿಂದೆಯೇ ಓಡಿದರು. ದಫೇದಾರ ಸೀಟಿ ಊದುತ್ತ ಓಡಿದ, ಯಾರನ್ನು ಹಿಡಿಯಲು ಎಂದು ಅವನಿಗೇ ತಿಳಿಯದು. ಶೌಕತ್ತನ ಕುದುರೆ ಖಾಲಿ ಜಟಕಾ ಎಳೆದುಕೊಂಡು ಕೆರೆಯವರೆಗೆ ಹೋಯಿತು. ಗುರುರಾಜ್ ಮಾತ್ರ ಇದ್ದಲ್ಲೇ ಕಣ್ಣು ಮುಚ್ಚಿ ನಿಂತರು.

ಕೂಗಿನ ಕಡೆಗೆ ಓಡಿದವಳು ಒಬ್ಬಳೇ.

"ಇದು ಅವನದ್ದು," ಎಂದಳು ಆಂಜನಮ್ಮ. ಹೋಗಿ ಕೆಂಚಿಯನ್ನು ಹಿಂದಕ್ಕೆ ನೂಕಿ, ಹುಲ್ಲು ಕಿತ್ತೆಸೆದು, ಗಂಡನ ಕಾಲನ್ನು ಮಡಿಲಿಗೆ ಎಳೆದುಕೊಂಡಳು. ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿ ಉಗುರು ಕಿತ್ತುಬಂದಿತ್ತು. ಅದನ್ನು ನೋಡಿ ಅವಳು ಅತ್ತಳು. ಅವನನ್ನು ಬೈಯುತ್ತ ಅತ್ತಳು, ಕೆಂಚಿಯನ್ನು ಬೈಯುತ್ತ ಅತ್ತಳು, ಇಷ್ಟು ದಿನ ಸರಿಯಾಗಿ ಉಣ್ಣದೆ ಹೀಗೆ ಒಣಗಿದ್ದೀಯಲ್ಲ ಎಂದು ಇನ್ನೂ ಜೋರಾಗಿ ಅತ್ತಳು.

ಚಿಕ್ಕವೆಂಕಟಪ್ಪ ನೋವು ಮರೆತು ಅವಳ ಮುಖವನ್ನೇ ನೋಡುತ್ತಿದ್ದ.

"ಅತ್ತಳು," ಎಂದಳು ಬಾಗಿಲಿಗೆ ಬಂದ ಪಟಾಲಮ್ಮ. ಆಕಾಶದ ಕಡೆಗೆ ಕೈ ಮುಗಿದು, ಹೊರಗೆ ಹೋಗಿ, ಗಂಡಾಂತರ ಕಳೆಯಿತು, ಎಲ್ಲರೂ ವಾಪಸು ಬನ್ನಿ, ಅಡುಗೆಗೆ ಇಡುತ್ತೇನೆ ಎಂದು ಕೂಗಿದಳು. ಸಾವು ಸುಳ್ಳೆಂದು ಗೊತ್ತಿರಲಿಲ್ಲವೇ, ಆ ಅಳು ಹೆಬ್ಬೆರಳಿಗಲ್ಲವೇ ಎಂದು ಸೋದರತ್ತೆ ತಕರಾರು ತೆಗೆದಳು. ಹೆಬ್ಬೆರಳು ನನ್ನ ಮಗನದ್ದೇ ತಾನೇ ಎಂದು ಪಟಾಲಮ್ಮ ಆ ವಿಚಾರವನ್ನು ಅಲ್ಲಿಗೇ ಮುಗಿಸಿದಳು.

ಆ ಸಂಜೆ ಕೆಂಚಿ ತಾನಾಗಿ ಸೊರೆಬಿಟ್ಟು ಹಾಲು ಕೊಟ್ಟಿತು. ಯಾಕೆಂದು ಬೀದಿಯಲ್ಲಿ ಬಹಳ ದಿನ ಚರ್ಚೆಯಾಯಿತು. ಹುಲ್ಲು ಬದಲಾದದ್ದಕ್ಕೆ ಎಂದರು ಕೆಲವರು. ಹಸುವಿಗೆ ಕೂಗಿನ ಮೇಲೆ ಕೋಪವಿರಲಿಲ್ಲ, ಕೆಟ್ಟ ಕೂಗಿನ ಮೇಲೆ ಇತ್ತು ಎಂದರು ರಮಾಮಣಿ, ಬಿಸಿ ಕಾಫಿ ಕುಡಿಯುತ್ತ. ತಮಟೆಯವರು, ಬಂದದ್ದಕ್ಕೆ ಏನಾದರೂ ಬಾರಿಸಲೇಬೇಕು ಎಂದು ಮದುವೆಯ ಗತ್ತು ಬಾರಿಸಿದರು. ದಫೇದಾರ ಎರಡು ಸಲ ಮುದ್ದೆ ಹಾಕಿಸಿಕೊಂಡು ಉಂಡು, ಕೊಲೆಯಾದವನ ಕೈಯಿಂದಲೇ ತಾಂಬೂಲ ತೆಗೆದುಕೊಂಡು ಹೋದ. ಗುರುರಾಜ್ ಹೊರಡುವಾಗ ಚಿಕ್ಕವೆಂಕಟಪ್ಪನ ಹತ್ತಿರ ಬಾಗಿ, ಮುಂದಿನ ನಾಟಕದಲ್ಲಿ ಇನ್ನೂ ಒಳ್ಳೆಯ ಸಾವು ಇದೆ, ಕಾಲಿನ ಬೆರಳಿಗೆ ಏನಾದರೂ ವ್ಯವಸ್ಥೆ ಮಾಡೋಣ ಎಂದು ಪಿಸುಗುಟ್ಟಿದರು. ಆಂಜನಮ್ಮ ಮೈಸೂರು ಪಾಕಿನ ಖಾಲಿ ಪೊಟ್ಟಣವನ್ನು ಅವರ ಕೈಗೆ ಕೊಟ್ಟಳು.

ಎಲ್ಲರೂ ಲಾರಿ ಹತ್ತಿದರು, ದೊಡ್ಡಮುನಿಯಪ್ಪನವರು ಹತ್ತಲಿಲ್ಲ. ಅಳಿಯನ ಕಾಲು ಸರಿಹೋಗುವ ತನಕ ಇರುತ್ತೇನೆ ಎಂದರು. ಅಳಿಯನ ಪಕ್ಕ ಕಂಬಳಿ ಹೊದ್ದು ಕೂತು ಟ್ರಾನ್ಸಿಸ್ಟರ್ ಕೇಳಿದರು. ಮೊದಲ ದಿನ ಗೂಬೆ ಕೂಗಿದ್ದಕ್ಕೆ ಎದ್ದು ಬಾಗಿಲು ಹಾಕಿ ಬಂದರು. ಮಾರನೆಯ ದಿನ, ಆ ಬಾವಿಯ ಹತ್ತಿರ ಹೋಗಬೇಡ ಎಂದು ನಾಟಕದ ಹುಡುಗಿಗೆ ಜೋರಾಗಿ ಬುದ್ಧಿ ಹೇಳಿದರು. ಆಮೇಲೆ ಅಳಿಯನಿಗೂ ಪೆಟ್ಟಿಗೆ ಕೊಡದೆ ತಮ್ಮ ಕಿವಿಗೇ ಹಿಡಿದುಕೊಂಡರು.

ಆಂಜನಮ್ಮ ಇದನ್ನು ನೋಡುತ್ತಿದ್ದಳು. ಒಂದು ಬೆಳಿಗ್ಗೆ ಎಣ್ಣೆಯ ಬಟ್ಟಲು ತಂದು ಮನೆಯ ಬಾಗಿಲಿಗೆಲ್ಲ ಬಿಟ್ಟಳು. ಚಿಕ್ಕವೆಂಕಟಪ್ಪ ನೋಡಿಯೂ ತಡೆಯಲಿಲ್ಲ. ಆಮೇಲೆ ಊರಿಗೆ ಹೊರಟ ಅಪ್ಪನ ಬಟ್ಟೆಗಂಟಿನ ಮೇಲೆ ಟ್ರಾನ್ಸಿಸ್ಟರನ್ನು ಅವಳೇ ಇಟ್ಟಳು. ಚಿಕ್ಕವೆಂಕಟಪ್ಪ ಊರುಗೋಲು ಹಿಡಿದು, ಅವಳ ಹಿಂದೆ ಕೊಟ್ಟಿಗೆಗೆ ಹೋಗಿ, ಕೆಂಚಿಯ ಬಾಲ ಹಿಡಿದುಕೊಂಡು ನಿಂತ.

ದೊಡ್ಡಮುನಿಯಪ್ಪನವರು ಶೌಕತ್ತನ ಜಟಕಾ ಹತ್ತಿ, ಟ್ರಾನ್ಸಿಸ್ಟರನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಸಿಲು ಬೀಳದಂತೆ ಅದಕ್ಕೆ ಕೊಡೆ ಹಿಡಿದು, ಕೆ.ಆರ್. ಪುರಕ್ಕೆ ಹೊರಟುಹೋದದ್ದು ಆ ಗುರುವಾರ.